ಅಟ್ಟೂರಿನ ಮಹಡಿಯಲ್ಲಿ ನನ್ನ ವಿದೇಶ ವ್ಯಾಸಂಗ

ನಾನು ವಿದೇಶದಲ್ಲಿ ಓದಲು ಆರಂಭಿಸಿದ್ದು ಅಟ್ಟೂರಿನಲ್ಲಿ. ಇದನ್ನು ಯಾರಿಗೆ ಹೇಳಿದರೂ ಒಮ್ಮೆ ನನ್ನ ಮುಖ ನೋಡಿ ಮಾತು ಬದಲಾಯಿಸುತ್ತಾರೆ. ಆದರೆ ದಾಖಲೆ ಇರುವುದೇ ಹಾಗೆ. ಅಂತರರಾಷ್ಟ್ರೀಯ ವಿದ್ಯಾರ್ಥಿ ಎಂಬ ಬಿರುದು, ಫೋಟೋ ಸಮೇತ ಗುರುತಿನ ಚೀಟಿ, ಆ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ರಿಯಾಯಿತಿ ಊಟದ ಸೌಲಭ್ಯ, ಎಲ್ಲವೂ ನನಗೆ ಪ್ರಾಪ್ತವಾಗಿದ್ದವು. ಊಟವನ್ನು ಮಾತ್ರ ಅಮ್ಮ ಹಾಕುತ್ತಿದ್ದಳು.

ದೇಶದ ಹೆಸರು ಹೇಳುವುದಿಲ್ಲ. ವೀಸಾದವರ ನೆನಪಿನ ಶಕ್ತಿ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. ನಮಗಿಂತ ಮೊದಲೇ ಸೂರ್ಯ ಏಳುವ ದೇಶ ಎಂದರೆ ಸಾಕು.

ಮೊದಲಿಗೆ ನನ್ನ ಉದ್ಯೋಗವನ್ನು ನಿವೇದಿಸಿಕೊಳ್ಳಬೇಕು. ಮತ್ತಿಕೆರೆಯ ಕಡೆಯ ಒಂದು ಸಣ್ಣ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಸಹಾಯಕ ಗ್ರಂಥಪಾಲಕ. ಪುಸ್ತಕಕ್ಕೆ ಸೀಲು ಒತ್ತುವುದು, ಮಾತಾಡುವ ಹುಡುಗರನ್ನು ದುರುಗುಟ್ಟಿ ನೋಡುವುದು, ಈ ಎರಡು ಶಾಸ್ತ್ರಗಳಲ್ಲಿ ನನಗೆ ತಕ್ಕಮಟ್ಟಿನ ಪರಿಣತಿ ಇತ್ತು. ಹೀಗಿರುವಾಗ ಆಡಳಿತ ಮಂಡಳಿಯವರು ಹಳೆಯ ಕಾರ್ಡಿನ ಡಬ್ಬಗಳನ್ನೆಲ್ಲ ಗುಜರಿಗೆ ಹಾಕಿ ಕಂಪ್ಯೂಟರ್ ಕ್ಯಾಟಲಾಗು ತಂದರು. ನನ್ನ ಗೊಂದಲದ ಯುಗ ಆರಂಭವಾದದ್ದು ಅಂದಿನಿಂದ. ಪರದೆಯ ಮೇಲೆ ಇದೆ ಎಂದು ತೋರಿಸುವ ಪುಸ್ತಕ ರ‍್ಯಾಕಿನಲ್ಲಿ ಇರುತ್ತಿರಲಿಲ್ಲ. ರ‍್ಯಾಕಿನಲ್ಲಿ ಕಣ್ಣೆದುರಿಗೇ ಇರುವ ಪುಸ್ತಕ ಪರದೆಯ ಪ್ರಕಾರ ಇನ್ನೂ ಹುಟ್ಟಿಯೇ ಇರಲಿಲ್ಲ. ಸಿವಿಲ್ ವಿಭಾಗದ ಕಾಂಕ್ರೀಟಿನ ಪುಸ್ತಕವೊಂದಂತೂ ಪ್ರತಿ ಪರೀಕ್ಷೆಯ ಮುಂದೆ ನನ್ನ ಜೀವ ತೆಗೆಯುತ್ತಿತ್ತು.

"ಸಾರ್, ಸಿಸ್ಟಮ್ಮಲ್ಲಿ ಅವೈಲಬಲ್ ಅಂತ ತೋರಿಸ್ತಿದೆ."

"ರ‍್ಯಾಕಲ್ಲಿ ನೋಡಿದ್ರಾ?"

"ಅಲ್ಲಿಲ್ಲ ಸಾರ್."

"ಹಾಗಾದ್ರೆ ಇಲ್ಲ."

"ಇದೆ ಅಂತ ಇದ್ಯಲ್ಲ ಸಾರ್?"

ಇದಕ್ಕೆ ಮಠಗಳಲ್ಲಿ ಉತ್ತರ ಸಿಗಬಹುದು, ಇಶ್ಯೂ ಕೌಂಟರಿನಲ್ಲಿ ಸಿಗುವುದಿಲ್ಲ. ಹಾಗಾಗಿ ಗ್ರಂಥಾಲಯ ಮತ್ತು ಮಾಹಿತಿ ತಂತ್ರಜ್ಞಾನವನ್ನು ಕ್ರಮವಾಗಿ ಓದಿಬಿಡೋಣ ಎಂದುಕೊಂಡೆ. ಇಲ್ಲಿಯೇ ಓದಬಹುದಿತ್ತು. ಅಷ್ಟು ದೂರ ಯಾಕೆ ಅರ್ಜಿ ಹಾಕಿದೆ ಎಂಬ ಪ್ರಶ್ನೆಯನ್ನು ಮುಂದೆ ಬೇರೊಬ್ಬರು ಕೇಳಲಿದ್ದಾರೆ. ಅಲ್ಲಿಯ ತನಕ ನನಗೂ ಸ್ವಲ್ಪ ಬಿಡುವು ಇರಲಿ.

ಸೀಟು ಸಿಕ್ಕಿದ ಸುದ್ದಿ ತಿಳಿದ ವಾರದಲ್ಲೇ ನಮ್ಮ ಮುಖ್ಯ ಗ್ರಂಥಪಾಲಕರು ಬೀಳ್ಕೊಡುಗೆಗೆ ಸಿದ್ಧರಾದರು. ನಿವೃತ್ತಿಯ ಅಂಚಿನಲ್ಲಿದ್ದ, ಭಾಷಣವೆಂದರೆ ಪ್ರಾಣ ಬಿಡುವ, ಬಹಳ ಒಳ್ಳೆಯ ಮನುಷ್ಯ.

"ವೀಸಾ ಇನ್ನೂ ಬಂದಿಲ್ಲ ಸಾರ್" ಎಂದೆ.

"ವೀಸಾ ಎಲ್ಲಿ ಹೋಗತ್ತೆ, ಬರತ್ತೆ ಕಣ್ರೀ. ಸೆಮಿನಾರ್ ಹಾಲು ಈ ಶನಿವಾರ ಬಿಟ್ರೆ ಸಿಗಲ್ಲ."

ಹಾಲು ಸಿಕ್ಕಿದ್ದರಿಂದ ನನ್ನನ್ನು ಬೀಳ್ಕೊಡಲಾಯಿತು. ಮೈಸೂರು ಪೇಟ, ಜರಿಯಂಚಿನ ಶಾಲು, ಗಂಧದ ಹಾರ, ಮೇಲೆ ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ಬದುಕಿರುವವರಿಗೆ ಇದಕ್ಕಿಂತ ಹೆಚ್ಚಿನದನ್ನು ನಮ್ಮ ಸಮಾಜ ಮಾಡುವುದಿಲ್ಲ. ನನ್ನ ಕುರ್ಚಿಗೆ ಸೋಮವಾರದಿಂದಲೇ ತಾತ್ಕಾಲಿಕವಾಗಿ ಒಬ್ಬ ಹುಡುಗಿಯನ್ನು ನೇಮಿಸಿಕೊಂಡರು.

ಮನೆಯಲ್ಲಿ ಇನ್ನೊಂದು ಏರ್ಪಾಡು ನಡೆಯಿತು. ಆಷಾಢ ಹತ್ತಿರ ಬಂದಿತ್ತು. ಆಷಾಢದಲ್ಲಿ ಮಗ ಸಮುದ್ರ ದಾಟುವುದು ಅಮ್ಮನಿಗೆ ಒಪ್ಪಿಗೆಯಿಲ್ಲ. ಇದಕ್ಕೆ ನಮ್ಮಲ್ಲಿ ಹಿಂದಿನಿಂದ ಒಂದು ಪರಿಹಾರವಿದೆ. ಒಳ್ಳೆಯ ಗಳಿಗೆಯಲ್ಲಿ ಪೆಟ್ಟಿಗೆಯನ್ನು ಹೊಸ್ತಿಲು ದಾಟಿಸಿ ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಹೊರಟಂತೆಯೇ. ಆಮೇಲೆ ಮನುಷ್ಯ ಯಾವಾಗ ಹೋದರೂ ನಡೆಯುತ್ತದೆ. ಹಿರಿಯರು ಇದನ್ನು ಪ್ರಸ್ಥಾನ ಎನ್ನುತ್ತಿದ್ದರು. ಅದರಂತೆ ನನ್ನ ದೊಡ್ಡ ಸೂಟ್‌ಕೇಸು, ಒಳಗಿದ್ದ ಸ್ವೆಟರು ಮತ್ತು ಒಳ್ಳೆಯ ಬಟ್ಟೆಗಳ ಸಮೇತ, ಮಹಡಿಯ ನಮ್ಮ ಮನೆಯಿಂದ ಹೊರಟು ಕೆಳಗಿನ ಮನೆ ಓನರ್ರ ನಡುಮನೆಯನ್ನು ತಲುಪಿತು. ವಿದೇಶ ಪ್ರವಾಸದ ಮೊದಲ ಹಂತ ನಿರ್ವಿಘ್ನವಾಗಿ ಮುಗಿಯಿತು.

ನಮ್ಮ ಓನರ್ರು ಅಟ್ಟೂರಿನ ಮೂಲ ನಿವಾಸಿ. ತಂದೆ ರಾಗಿ ಬೆಳೆದ ಹೊಲದಲ್ಲಿ ಇವರು ಬಾಡಿಗೆ ಮನೆಗಳನ್ನು ಬೆಳೆದವರು. ನನ್ನ ಓದಿನ ವಿಷಯ ಅವರಿಗೆ ಮೊದಲಿನಿಂದಲೂ ಬಗೆಹರಿದಿರಲಿಲ್ಲ.

"ಅಲ್ಲ ಸಾರ್, ಲೈಬ್ರರಿ ಕಲಿಯಾಕೆ ಫಾರಿನ್ನಾ? ಅಲ್ಲಿ ಪುಸ್ತಕ ದಪ್ಪ ಇರ್ತವಾ?"

ಆದರೆ ಅಭಿಮಾನಕ್ಕೆ ಕೊರತೆಯಿಲ್ಲ. ಮರುದಿನ ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ, ಅವರದೇ ಕಾಂಪೌಂಡಿಗೆ ಕಟ್ಟಿದ ದೊಡ್ಡದೊಂದು ಫ್ಲೆಕ್ಸು ಕಂಡಿತು. ‘ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳಿರುವ ನಮ್ಮ ಬಡಾವಣೆಯ ಹೆಮ್ಮೆಯ ಪುತ್ರನಿಗೆ ಶುಭ ಹಾರೈಕೆಗಳು.’ ಪೇಟ ಧರಿಸಿದ ನನ್ನ ಸಣ್ಣ ಮುಖ ಒಂದು ಮೂಲೆಯಲ್ಲಿ. ಕೈಮುಗಿದು ನಿಂತ ಓನರ್ರು ಉಳಿದ ಎಲ್ಲ ಕಡೆ.

ತೆರಳಿರುವ ಎಂಬ ಮಾತಿನಿಂದ ನನಗೆ ತೊಂದರೆಯಾಯಿತು. ಯಾಕೆಂದರೆ ವೀಸಾ ಬರಲಿಲ್ಲ. ಪರಿಶೀಲನೆಯಲ್ಲಿದೆ, ಎಂದರು. ತರಗತಿ ಶುರುವಾಗುವ ಹೊತ್ತಿಗೂ ಪರಿಶೀಲನೆಯಲ್ಲೇ ಇತ್ತು. ವಿಶ್ವವಿದ್ಯಾಲಯದವರು ಕನಿಕರಪಟ್ಟು, ಮೊದಲ ಸೆಮಿಸ್ಟರನ್ನು ಇದ್ದಲ್ಲಿಂದಲೇ ಆನ್‌ಲೈನಿನಲ್ಲಿ ಓದಬಹುದು, ಎರಡನೆಯದಕ್ಕೆ ಬರದಿದ್ದರೆ ಸೀಟು ರದ್ದಾಗುತ್ತದೆ ಎಂದು ತಿಳಿಸಿದರು. ನನ್ನ ಸ್ಥಿತಿಯನ್ನು ಓದುಗರು ಗಮನಿಸಬೇಕು. ಕಾಲೇಜಿನ ಪ್ರಕಾರ ನಾನು ಹೋಗಿದ್ದೇನೆ. ಫ್ಲೆಕ್ಸಿನ ಪ್ರಕಾರ ಹೋಗಿದ್ದೇನೆ. ಪಂಚಾಂಗದ ಪ್ರಕಾರ ಹೊರಟಿದ್ದೇನೆ. ವೀಸಾ ಕಚೇರಿಯ ಪ್ರಕಾರ ಮಾತ್ರ ಇಲ್ಲೇ ಇದ್ದೇನೆ. ಸತ್ಯ ಹೇಳುತ್ತಿದ್ದವರು ಅವರೊಬ್ಬರೇ.

ಹೊರಗೆ ಮುಖ ತೋರಿಸಲು ನಾಚಿಕೆಯಾಗಿ ಹೆಲ್ಮೆಟ್ ಹಾಕಿಕೊಂಡು ನಡೆದು ಹೋಗಿ ಹಾಲು ತರುತ್ತಿದ್ದೆ. ಗಾಡಿಯಿಲ್ಲದೆ ಹೆಲ್ಮೆಟ್ ಹಾಕಿದವನನ್ನು ಇಡೀ ಬೀದಿ ನೋಡುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಹಾಲಿನ ಬೂತಿನ ಅಕ್ಕ ಪ್ಯಾಕೆಟ್ಟು ಕೊಡುತ್ತ, ಹೆಲ್ಮೆಟ್ಟಿನ ಗಾಜಿನೊಳಗೆ ಇಣುಕಿ ದಿನವೂ ಕೇಳುತ್ತಿದ್ದರು:

"ಏನಣ್ಣ, ಇನ್ನೂ ಹೋಗಿಲ್ವಾ?"

"ಮುಂದಿನ ತಿಂಗಳು ಅಕ್ಕ."

ತರಗತಿಗಳು ನಸುಕಿನಲ್ಲಿ ನಡೆಯುತ್ತಿದ್ದವು. ಆಷಾಢದ ಗಾಳಿ ಕಿಟಕಿಯ ಸಂದಿನಿಂದ ನುಗ್ಗಿ ಕೊರೆಯುತ್ತಿತ್ತು. ಸ್ವೆಟರು ಕೆಳಗಿನ ಮನೆಯಲ್ಲಿತ್ತು.

"ಅಮ್ಮ, ಒಂದು ನಿಮಿಷ ಪೆಟ್ಟಿಗೆ ತೆಗೆದು ಸ್ವೆಟರ್ ತಗೊಂಡು ಬರ್ತೀನಿ."

"ಹೊರಟ ಪೆಟ್ಟಿಗೇನ ಯಾರಾದ್ರೂ ಮಧ್ಯದಾರೀಲಿ ತೆಗೀತಾರೇನೋ? ಹೊದ್ಕೊಳೋದಕ್ಕೆ ಅಷ್ಟು ಚೆನ್ನಾಗಿರೋ ಶಾಲು ಕೊಟ್ಟಿದ್ದಾರಲ್ಲ!"

ಹೀಗೆ ನಾನು ಜರಿಯಂಚಿನ ಸನ್ಮಾನದ ಶಾಲು ಹೊದ್ದು ವಿದೇಶ ವ್ಯಾಸಂಗ ಮಾಡಿದೆ. ಸಾಂಪ್ರದಾಯಿಕ ಉಡುಪಿನಲ್ಲಿ ಬಂದು ತರಗತಿಯನ್ನು ಗೌರವಿಸಿದ್ದೀರಿ ಎಂದು ಪ್ರಾಧ್ಯಾಪಕಿ ಮೊದಲ ದಿನವೇ ಹೊಗಳಿದರು. ಆಮೇಲೆ ಶಾಲಿಲ್ಲದೆ ಕೂರುವುದು ಅಗೌರವವೆಂದು ಸೆಖೆಯ ದಿನಗಳಲ್ಲೂ ಹೊದ್ದುಕೊಂಡೆ.

ಮೊದಲ ನಿಬಂಧ ಒಂದು ಊರಿನ ಜನ ಮಾಹಿತಿಯನ್ನು ಹೇಗೆ ಹುಡುಕುತ್ತಾರೆ ಎಂಬುದರ ಬಗ್ಗೆ. ಹೊಸ ಊರಿಗೆ ಬಂದಿರುವ ನೀವು ಹೊರಗಿನವರ ಕಣ್ಣಿನಿಂದ ನೋಡಿ ಎಂದು, ನಾನು ಅಲ್ಲಿಗೆ ಬಂದಾಗಿದೆ ಎಂದೇ ತಿಳಿದಿದ್ದ ಪ್ರಾಧ್ಯಾಪಕಿ ಹೇಳಿದರು. ನಾನು ಯಲಹಂಕದ ಬಸ್ ನಿಲ್ದಾಣಕ್ಕೆ ಹೋಗಿ ಹೊರಗಿನವನ ಕಣ್ಣು ತೆರೆದು ನಿಂತೆ. ಅಲ್ಲಿ ಬಸ್ಸಿನ ಬೋರ್ಡನ್ನು ಯಾರೂ ನಂಬುವುದಿಲ್ಲ. ವಿದ್ಯಾರಣ್ಯಪುರ ಎಂದು ದೊಡ್ಡದಾಗಿ ಬರೆದಿದ್ದರೂ, "ವಿದ್ಯಾರಣ್ಯಪುರ ಹೋಗತ್ತಾ?" ಎಂದು ಪಕ್ಕದವರನ್ನು ಕೇಳುತ್ತಾರೆ. ಅವರು ಹೌದೆಂದ ಮೇಲೆ, ಅವರು ಹೇಳಿದ್ದು ನಿಜವೇ ಎಂದು ಕಂಡಕ್ಟರನ್ನು ಕೇಳುತ್ತಾರೆ. ಹತ್ತಿ ಕೂತ ಮೇಲೆ ಕಿಟಕಿ ಪಕ್ಕದವರನ್ನು ಇನ್ನೊಮ್ಮೆ ಕೇಳುತ್ತಾರೆ. ಇದನ್ನೇ ಗಂಭೀರವಾದ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಒಳ್ಳೆಯ ಅಂಕ ಬಂತು. ಕೆಳಗೆ ಒಂದು ಸಾಲು: ‘ನಮ್ಮ ದೇಶದ ಪರಿಸರಕ್ಕೆ ನೀವು ಇಷ್ಟು ಬೇಗ ಹೊಂದಿಕೊಂಡಿರುವುದು ಸಂತೋಷದ ಸಂಗತಿ.’ ಯಲಹಂಕ ತಮ್ಮದೇ ಊರಿನ ಯಾವುದೋ ಬಡಾವಣೆ ಎಂದು ತಿಳಿದರೋ ಏನೋ. ತಿದ್ದಲು ಹೋಗಲಿಲ್ಲ. ನಾನು ಎಲ್ಲಿದ್ದೇನೆಂಬುದರ ಬಗ್ಗೆ ಆ ಹೊತ್ತಿಗೆ ನನಗೂ ಅಷ್ಟು ಖಾತ್ರಿ ಇರಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ಮುಖ್ಯ ಗ್ರಂಥಪಾಲಕರ ಫೋನು ಬಂತು. ನಾನು ಅಟ್ಟೂರಿನಲ್ಲೇ ಕೊಳೆಯುತ್ತಿರುವುದು ಕಾಲೇಜಿನಲ್ಲಿ ಅವರೊಬ್ಬರಿಗೆ ಗೊತ್ತಿತ್ತು. ಧ್ವನಿಯಲ್ಲಿ ಹಬ್ಬದ ಹೋಳಿಗೆಯ ಸಿಹಿ ಇನ್ನೂ ಆರಿರಲಿಲ್ಲ.

"ನಿಮ್ಮ ದೇಶದವರು ಫೋನ್ ಮಾಡಿದ್ರು ಕಣ್ರೀ! ವೀಸಾದವರು. ನಿಮ್ಮ ಬಗ್ಗೆ ವಿಚಾರಿಸೋದಕ್ಕೆ."

"ಏನ್ ಕೇಳಿದ್ರು ಸಾರ್?"

"ಇವರು ನಿಮ್ಮಲ್ಲೇ ಇದ್ರಾ ಅಂದ್ರು. ಇದ್ರು, ರತ್ನದಂಥ ಮನುಷ್ಯ, ಶಾಲು ಹೊದಿಸಿ ಪೇಟ ತೊಡಿಸಿ ಕಳಿಸಿದ್ದೀವಿ ಅಂದೆ. ಓದು ಮುಗಿಸಿ ವಾಪಸ್ ಬಂದು ನಿಮ್ಮಲ್ಲೇ ಸೇರ್ತಾರಾ ಅಂದ್ರು. ನಾನು ಬಿಟ್ಟುಕೊಡ್ತೀನಾ? ‘ಛೆ ಛೆ, ಆ ಪ್ರಶ್ನೇನೇ ಇಲ್ಲ, ಅಂಥವರು ಈ ಸಣ್ಣ ಕಾಲೇಜಿಗೆ ಯಾಕ್ರೀ ವಾಪಸ್ ಬರ್ತಾರೆ, ಅಲ್ಲೇ ನೆಲೆ ನಿಂತು ದೊಡ್ಡ ಹೆಸರು ಮಾಡ್ತಾರೆ, ನೋಡ್ತಾ ಇರಿ’ ಅಂದೆ!"

"ಅಯ್ಯೋ ಸಾರ್!" ಎಂದೆ.

ಅವರ ಮೇಲೆ ಕೋಪ ಮಾಡಿಕೊಳ್ಳುವುದು ಸಾಧ್ಯವಿರಲಿಲ್ಲ. ನಮ್ಮ ಕಡೆ ಒಬ್ಬನ ಬಗ್ಗೆ ಅಪರಿಚಿತರು ಫೋನ್ ಮಾಡಿ ವಿಚಾರಿಸುವುದು ಒಂದೇ ಕಾರಣಕ್ಕೆ, ಹೆಣ್ಣು ಕೊಡುವ ಮುಂಚೆ. ಆಗ ಏನು ಹೇಳಬೇಕೆಂಬುದು ಮಕ್ಕಳಿಗೂ ಗೊತ್ತು. ಹುಡುಗನಿಗೆ ಚಟಗಳಿಲ್ಲ, ಮುಂದೆ ಬಹಳ ಮೇಲೆ ಹೋಗುತ್ತಾನೆ, ಮನೆಯವರಿಗೆ ಅಂಟಿಕೊಂಡು ಕೂರುವವನಲ್ಲ. ಅವರು ಮಾಡಿದ್ದೂ ಅದನ್ನೇ. ಬೀಗರ ಕಡೆಯ ಫೋನಿನಂತೆಯೇ ತಿಳಿದು ನನ್ನನ್ನು ಅಲ್ಲಿಗೇ ಧಾರೆಯೆರೆದು ಕೊಟ್ಟುಬಿಟ್ಟಿದ್ದರು.

"ಯಾಕ್ರೀ, ತಪ್ಪಾಯ್ತಾ?"

"ಸಾರ್, ವಾಪಸ್ ಬರ್ತಾನೆ ಅಂತ ಅವರಿಗೆ ಖಾತ್ರಿಯಾದ್ರೆ ಮಾತ್ರ ವೀಸಾ ಕೊಡ್ತಾರೆ."

ಅವರು ಸಣ್ಣಗೆ, "ವಾಪಸ್ ಬರೋನಿಗೆ ಕಳಿಸೋದ್ಯಾಕ್ರೀ ಮತ್ತೆ?" ಎಂದರು. ಪ್ರಶ್ನೆ ನ್ಯಾಯವಾದದ್ದೇ.

ವಾರದೊಳಗೆ ಮೇಲ್ ಬಂತು. ನೀವು ಮರಳುವುದಿಲ್ಲವೆಂದು ನಿಮ್ಮ ಸಂಸ್ಥೆಯವರೇ ತಿಳಿಸಿದ್ದಾರೆ. ನಿಮ್ಮೊಡನೆ ಫೋನಿನಲ್ಲಿ ಮಾತಾಡುತ್ತೇವೆ, ಸಿದ್ಧರಾಗಿರಿ. ಆ ಒಂದು ಫೋನಿನಲ್ಲಿ ನಿರ್ಧಾರವಾಗಲಿತ್ತು. ತಪ್ಪಿದರೆ ಸೀಟು ಇಲ್ಲ, ಶಾಲು ಹೊದ್ದು ಬಂದ ಕಾಲೇಜಿಗೆ ಮುಖ ತೋರಿಸುವ ಹಾಗಿಲ್ಲ, ಫ್ಲೆಕ್ಸಿನ ಕೆಳಗೆ ಹೆಲ್ಮೆಟ್ ಹಾಕಿಕೊಂಡು ಹಾಲು ತರುವುದೇ ಜೀವನ.

ಮನೆಯಲ್ಲಿ ಮಂತ್ರಾಲೋಚನೆ ನಡೆಯಿತು. ಅಮ್ಮ ಸರಳವಾಗಿ ಹೇಳಿದಳು: "ಅಮ್ಮ ಇದ್ದಾಳೆ, ಬರ್ತೀನಿ ಅನ್ನು. ಅವರಿಗೂ ಅಮ್ಮ ಇರಲ್ವಾ?" ಓನರ್ರು ಮೆಟ್ಟಿಲು ಹತ್ತಿ ಬಂದು ಇನ್ನೂ ಬಲವಾದ ಆಧಾರ ಸೂಚಿಸಿದರು.

"ನಮ್ ಒಲದಾಗೆ ಒಂದು ಸೈಟು ನಿಮ್ದೇ ಐತೆ ಅಂತ ಏಳಿ ಸಾರ್. ಸೈಟು ಬಿಟ್ಟು ಯಾವನಾರ ಓಯ್ತಾನಾ? ಫೋನ್ ನನ್ ಕೈಗ್ ಕೊಡಿ, ನಾನೇ ಏಳ್ತೀನಿ."

"ಸುಳ್ಳಾಗತ್ತೆ ಓನರ್ರೇ."

"ಇಂಗ್ ಅಂದ್ರೆ ಎಂಗೆ ಸಾರ್? ಫ್ಲೆಕ್ಸ್‌ನಾಗೆ ಓಗಿದೀರಿ ಅಂತ ಆಕ್ಸಿರೋದು ನಿಜವಾ?"

ಮುಖ್ಯ ಗ್ರಂಥಪಾಲಕರದು ಮೂರನೆಯ ಉಪಾಯ. ಕೊಟ್ಟ ಶಾಲನ್ನು ವಾಪಸ್ಸು ಪಡೆಯುವುದು ಅಶುಭ. ಆದರೆ ನೀವೇ ಬಂದು ಗ್ರಂಥಾಲಯದಲ್ಲಿ ಕೂತಿರಿ. ಫೋನು ಬಂದಾಗ ಕೆಲಸದ ಜಾಗದಲ್ಲೇ ಇದ್ದೀರೆಂದು ಗೊತ್ತಾಗಲಿ. ಅಪರಾಧ ಪ್ರಜ್ಞೆಯಿಂದ ಅವರ ಊಟ ಕಡಿಮೆಯಾಗಿದೆ ಎಂದು ಕೇಳಿದ್ದರಿಂದ ಒಪ್ಪಿದೆ.

ಹಾಗೆ ಒಂದು ಬೆಳಿಗ್ಗೆ, ಹೋಗಿಬಿಟ್ಟವನು ಮತ್ತಿಕೆರೆಯ ಬಸ್ಸು ಹತ್ತಿದ. ಕುರ್ಚಿಯಲ್ಲಿ ತಾತ್ಕಾಲಿಕ ಹುಡುಗಿ ಇದ್ದಳು. ಎದ್ದು ನಿಂತು, "ಬನ್ನಿ ಸಾರ್, ರಜಕ್ಕೆ ಬಂದ್ರಾ? ಅಲ್ಲಿ ತುಂಬಾ ಚಳಿನಾ?" ಎಂದಳು. "ಬೆಳಗಿನ ಹೊತ್ತು" ಎಂದೆ. ಅದು ಸುಳ್ಳಲ್ಲ. ರಿಜಿಸ್ಟರಿನಲ್ಲಿ ಸಹಿ ಮಾಡಲು ಹೋದರೆ ಮುಖ್ಯ ಗ್ರಂಥಪಾಲಕರು ಮೆಲ್ಲನೆ ತಡೆದರು: "ರೆಕಾರ್ಡಿನ ಪ್ರಕಾರ ನೀವು ಇಲ್ಲಿಲ್ಲ ಕಣ್ರೀ. ಸುಮ್ನೆ ಕೂತ್ಕೊಳ್ಳಿ." ಓದುಗರ ಬೆಂಚಿನಲ್ಲಿ ಕುಳಿತೆ. ದೀಪಾವಳಿಯ ರಜೆ ಕಳೆದ ಮೇಲೂ ಹಾಗೆಯೇ ಕುಳಿತೆ.

ಫೋನು ಬಂದದ್ದು ಪರೀಕ್ಷೆಯ ಕಾಲದಲ್ಲಿ, ಬೆಳಗಿನ ಹೊತ್ತು, ಒಂದು ಬೆಂಚೂ ಖಾಲಿಯಿಲ್ಲದಾಗ. ನನ್ನ ತಲೆಯ ಮೇಲೆ ‘ಮೌನವಾಗಿರಿ, ಮೊಬೈಲ್ ಬಳಸಬೇಡಿ’ ಎಂಬ ಫಲಕ. ಬರೆಸಿ ಅಂಟಿಸಿದವನು ನಾನೇ. ನಾನು "ಹಲೋ" ಎಂದದ್ದೇ ತಡ, ಮೂರು ತಲೆಗಳು ನನ್ನನ್ನು ದುರುಗುಟ್ಟಿ ನೋಡಿದವು. ಒಬ್ಬ ಹುಡುಗ, "ಸಾರ್, ಶ್... ರೂಲ್ಸ್ ಮಾಡಿದವ್ರೇ ಹಿಂಗಾದ್ರೆ ಹೆಂಗೆ ಸಾರ್?" ಎಂದ. ಫೋನನ್ನು ಎದೆಗೊತ್ತಿಕೊಂಡು ಸಿವಿಲ್ ವಿಭಾಗದ ರ‍್ಯಾಕುಗಳ ನಡುವೆ ತೂರಿಕೊಂಡೆ.

ಆ ಕಡೆಯಾಕೆ ಬಹಳ ವಿನಯದಿಂದ ಕೇಳಿದರು. ಈ ವಿಷಯ ನಿಮ್ಮ ದೇಶದಲ್ಲೇ ಇದೆಯಲ್ಲ, ಇಲ್ಲಿಗೇ ಯಾಕೆ? ಓದಿದ ಮೇಲೆ ಯಾಕೆ ಮರಳುತ್ತೀರಿ? ನಿಮ್ಮವರೇ ಬರುವುದಿಲ್ಲ ಎಂದರಲ್ಲ?

ಉತ್ತರಗಳನ್ನು ಬಾಯಿಪಾಠ ಮಾಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಅಮ್ಮ, ಸೈಟು, ಶಾಲು, ಎಲ್ಲ ಒಟ್ಟಿಗೆ ತಲೆಯೊಳಗೆ ತಿರುಗಿದವು. ಮೊದಲು ಕಡತ ನೋಡಿ, ಆಮೇಲೆ ಕಾಲೇಜಿಗೆ ಕೇಳಿ, ಈಗ ನನ್ನನ್ನೇ ಕೇಳುತ್ತಿರುವ ಈಕೆ ಯಲಹಂಕದ ಬಸ್ ನಿಲ್ದಾಣದ ಪ್ರಯಾಣಿಕರಂತೆಯೇ ಎಂದು ಅನ್ನಿಸಿ ಸ್ವಲ್ಪ ಧೈರ್ಯ ಬಂತು. ಕಣ್ಣೆದುರಿಗೆ ಕಾಂಕ್ರೀಟಿನ ಪುಸ್ತಕ ಇರಬೇಕಾದ ಜಾಗದಲ್ಲಿ ಸಂದು ಇತ್ತು. ಅದನ್ನೇ ನೋಡುತ್ತ, ಪಿಸುಮಾತಿನಲ್ಲಿ, ನನಗೆ ಗೊತ್ತಿದ್ದ ಒಂದೇ ಸಂಗತಿಯನ್ನು ಹೇಳಿದೆ. ನಮ್ಮಲ್ಲಿ ಪರದೆ ಇದೆ ಎನ್ನುತ್ತದೆ, ರ‍್ಯಾಕು ಇಲ್ಲ ಎನ್ನುತ್ತದೆ. ಯಾವುದನ್ನು ನಂಬಬೇಕೆಂದು ನನಗೆ ತಿಳಿಯದು. ಇಲ್ಲಿ ಕೇಳಿದವರಿಗೂ ತಿಳಿದಿರಲಿಲ್ಲ, ಅದಕ್ಕೆ ದೂರದವರನ್ನು ಕೇಳೋಣವೆಂದು ಹೊರಟೆ. ಆದರೆ ಆ ಪರದೆಯೂ ರ‍್ಯಾಕೂ ಇರುವುದು ಇಲ್ಲಿ. ಉತ್ತರ ಸಿಕ್ಕರೆ ಅದನ್ನು ತಂದು ಇಲ್ಲಿಯೇ ಇಡಬೇಕು, ಬೇರೆ ಕಡೆ ಅದು ಯಾರಿಗೂ ಬೇಡ.

"ಇಷ್ಟು ಮೆಲ್ಲಗೆ ಯಾಕೆ ಮಾತಾಡುತ್ತಿದ್ದೀರಿ?" ಎಂದು ಆಕೆ ಕೇಳಿದರು.

"ಗ್ರಂಥಾಲಯದಲ್ಲಿದ್ದೇನೆ" ಎಂದೆ.

ಅಷ್ಟರಲ್ಲಿ ರ‍್ಯಾಕಿನ ಆ ಕಡೆಯಿಂದ ಒಂದು ಹುಡುಗಿ ಸಂದಿನೊಳಗೆ ಮುಖ ಹಾಕಿ, ಫೋನಿನವರಿಗೂ ಕೇಳುವ ಹಾಗೆ, "ಸಾರ್, ಕಾಂಕ್ರೀಟ್ ಬುಕ್ಕು ಸಿಸ್ಟಮ್ಮಲ್ಲಿ ಅವೈಲಬಲ್ ಅಂತಿದೆ!" ಎಂದಳು. ಏನಾಯಿತೆಂದು ಆ ಕಡೆಯಾಕೆ ವಿಚಾರಿಸಿದರು. ಭಾಷಾಂತರಿಸಿ ಹೇಳಿದೆ. ನಕ್ಕಂತೆ ಕೇಳಿಸಿತು, ಕೆಮ್ಮಿದ್ದೂ ಇರಬಹುದು. ವಂದನೆ ಹೇಳಿ ಇಟ್ಟರು.

ವೀಸಾ ಬಂತು. ನಾನು ಹೇಳಿದ್ದಕ್ಕೆ ಬಂತೋ, ಆ ಹುಡುಗಿ ಹೇಳಿದ್ದಕ್ಕೋ, ಇಂದಿಗೂ ಗೊತ್ತಿಲ್ಲ.

ಸಂಕ್ರಾಂತಿ ಕಳೆದು ಹೊರಟಾಗ ಯಾವ ಸಮಾರಂಭವೂ ನಡೆಯಲಿಲ್ಲ. ಒಮ್ಮೆ ಕಳಿಸಿದವನನ್ನು ಇನ್ನೊಮ್ಮೆ ಕಳಿಸುವ ವಿಧಿ ನಮ್ಮಲ್ಲಿಲ್ಲ. ಸೂಟ್‌ಕೇಸು ತರಲು ಕೆಳಗೆ ಹೋದರೆ ಅದರ ಮೇಲೆ ಓನರ್ರ ಮನೆಯ ಅಕ್ಕಿ ಮೂಟೆ ಕೂತಿತ್ತು. "ಓಗ್ಲಿ ಬಿಡಿ ಸಾರ್, ಇಲ್ಲೇ ಇರ್ಲಿ, ಬೇರೆ ತಗಳಿ" ಎಂದು ಅವರು ಬೇಸರದಿಂದಲೇ ಮೂಟೆ ಇಳಿಸಿದರು. ಅಮ್ಮ ಕೋಗಿಲು ಕ್ರಾಸಿನ ತನಕ ಆಟೋದಲ್ಲಿ ಬಂದು ಏರ್‌ಪೋರ್ಟ್ ಬಸ್ಸು ಹತ್ತಿಸಿದಳು. "ಈ ಬಸ್ಸು ಏರ್‌ಪೋರ್ಟಿಗೆ ಹೋಗತ್ತಾ?" ಎಂದು ಕಂಡಕ್ಟರನ್ನು ಕೇಳಿ, ಆಮೇಲೆ ಮುಂದಿನ ಸೀಟಿನವರನ್ನೂ ಕೇಳಿ, ಇಳಿದಳು.

ಬಸ್ಸಿನಲ್ಲಿರುವಾಗ ಮುಖ್ಯ ಗ್ರಂಥಪಾಲಕರ ಫೋನು. ಆಶೀರ್ವಾದ ಮಾಡಬೇಕೆಂದು ಅವರಿಗೆ ಆಸೆ, ಆದರೆ ಬಾಯಿ ಸುಟ್ಟುಕೊಂಡವರು.

"ಹೋಗಿ... ಅಲ್ಲಿ ಚೆನ್ನಾಗಿ... ಅಂದ್ರೆ ತುಂಬಾ ಚೆನ್ನಾಗಿ ಅಂತಲ್ಲ... ಪಾಸಾಗೋವಷ್ಟು... ಆಮೇಲೆ ಬೇಗ..." ಅಲ್ಲಿಗೆ ಧ್ವನಿ ತಗ್ಗಿಸಿದರು. "ಫೋನ್ ಯಾರಾದ್ರೂ ಕೇಳಿಸ್ಕೋತಿದಾರೇನ್ರೀ?"

"ಇಲ್ಲ ಸಾರ್."

"ಹಾಗಾದ್ರೆ ದೊಡ್ಡ ಹೆಸರು ಮಾಡಿ. ಇಟ್ಟೆ."

ಹೆಸರು ಮಾಡಲಿಲ್ಲ. ಪಾಸಾದೆ, ಮರಳಿ ಬಂದೆ, ಅದೇ ಕುರ್ಚಿಯಲ್ಲಿ ಕುಳಿತಿದ್ದೇನೆ. ಪರದೆ ಮತ್ತು ರ‍್ಯಾಕು ಒಂದನ್ನೊಂದು ಒಪ್ಪದ ಸ್ಥಿತಿಗೆ ಶಾಸ್ತ್ರೀಯವಾದ ಹೆಸರೊಂದಿದೆ ಎಂದು ಕಲಿತು ಬಂದಿದ್ದೇನೆ. ಕಾಂಕ್ರೀಟಿನ ಪುಸ್ತಕ ಕೇಳಿ ಬಂದವರಿಗೆ ಆ ಹೆಸರನ್ನು ಹೇಳುತ್ತೇನೆ. "ಓ, ಹಾಗಾ ಸಾರ್" ಎಂದು ಸಮಾಧಾನದಿಂದ ಹೋಗುತ್ತಾರೆ. ಪುಸ್ತಕ ಸಿಕ್ಕಿಲ್ಲ. ನನ್ನ ಫ್ಲೆಕ್ಸು ಓನರ್ರ ಹೊಸ ಕಟ್ಟಡದ ಸಿಮೆಂಟು ಮೂಟೆಗಳ ಮೇಲೆ ಹೊದಿಕೆಯಾಗಿದೆ. ಪೇಟದ ಭಾಗ ಹೊರಗಿದೆ.

ಬಂದ ಮರುದಿನ ಬೆಳಿಗ್ಗೆ ಹಾಲಿಗೆ ಹೋದೆ. ಹೆಲ್ಮೆಟ್ ಇರಲಿಲ್ಲ. ವಿಮಾನದ ಆಯಾಸ ಇನ್ನೂ ಕಣ್ಣಿನಲ್ಲಿತ್ತು, ಅಲ್ಲಿಯ ಚಳಿಗೆ ತುಟಿ ಒಡೆದಿತ್ತು, ಇವೆಲ್ಲ ನೋಡಿದವರಿಗೆ ಗೊತ್ತಾಗುವಂಥವೇ ಎಂದುಕೊಂಡಿದ್ದೆ. ಬೂತಿನ ಅಕ್ಕ ಪ್ಯಾಕೆಟ್ಟು ಕೈಗಿಟ್ಟು, ಮುಖವನ್ನು ಒಮ್ಮೆ ಚೆನ್ನಾಗಿ ನೋಡಿ, ಅಯ್ಯೋ ಪಾಪ ಎನ್ನುವ ಧ್ವನಿಯಲ್ಲಿ ಕೇಳಿದರು:

"ಏನಣ್ಣ, ಇನ್ನೂ ಹೋಗಿಲ್ವಾ?"

ನಾನು ಉತ್ತರಿಸಲು ಬಾಯಿ ತೆರೆದೆ. ಹಿಂದೆ ಸಾಲು ಉದ್ದವಿತ್ತು.

"ಮುಂದಿನ ತಿಂಗಳು ಅಕ್ಕ" ಎಂದು ಹೇಳಿ ಹಾಲು ತೆಗೆದುಕೊಂಡು ಬಂದೆ.